ಓಣಿ ಕಿರಿದಾದಷ್ಟೂ ಕಟ್ಟೆ ದೊಡ್ಡದಿರಬೇಕು

ಅಕ್ಕನ ಮಗ 2025ರ ದಸರಾ ರಜೆಗೆ ಬೀದರಿನಿಂದ ಹೈದರಾಬಾದಿಗೆ ಬರುವಾಗ ಬಸ್ಸಿನ ಕಿಟಕಿ ಪಕ್ಕದ ಸೀಟನ್ನು ತನ್ನ ಕಂಪ್ಯೂಟರಿಗೆ ಬಿಟ್ಟುಕೊಟ್ಟಿದ್ದ. ಕ್ಯಾಬಿನೆಟ್ಟಿಗೆ ಅಕ್ಕ ಹಳೆಯ ಕೌದಿ ಸುತ್ತಿ ಕಳಿಸಿದ್ದಳು. 2018ರಲ್ಲಿ ನಾನೇ ನಿಂತು ಜೋಡಿಸಿಕೊಟ್ಟ ಯಂತ್ರ ಅದು: ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡು. ಏಳು ವರ್ಷ ತಕರಾರಿಲ್ಲದೆ ದುಡಿದಿದೆ. ಈಗ ಹೊಸ ಆಟಗಳು ಅದರಲ್ಲಿ ತೆವಳುತ್ತವೆ, ಕೆಲವು ತೆರೆದುಕೊಳ್ಳುವುದೇ ಇಲ್ಲ. "ಕಾರ್ಡು ಬದಲಿಸಿಕೊಡು ಮಾಮಾ, ಮೂವತ್ತು ಸಾವಿರ ಕೂಡಿಸೀನಿ" ಅಂದ.

ಬೀದರ, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್ ಪರಊರಲ್ಲ. 1956ರವರೆಗೆ ನಮಗೂ ಇದೇ ರಾಜಧಾನಿಯಾಗಿತ್ತು. ಆ ವರ್ಷ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದರೂ ದೊಡ್ಡ ಆಸ್ಪತ್ರೆ, ಮದುವೆಯ ಜವಳಿ, ಈಗ ಕಂಪ್ಯೂಟರು ಎಂದರೆ ಕಾಲು ಈ ಕಡೆಗೇ ಎಳೆಯುತ್ತದೆ. ಕಂಪ್ಯೂಟರಿನ ಮಾತು ಬಂದರೆ ಸಿಕಂದರಾಬಾದಿನ ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರು. ಎಲ್ಲರ ಬಾಯಲ್ಲಿ ಅದು ಬರೀ ಸಿಟಿಸಿ. ಅಂದು ಅಲ್ಲಿ ನಾಲ್ಕೈದು ಅಂಗಡಿ ಹತ್ತಿ ಇಳಿದೆವು. ಎಲ್ಲ ಕಡೆ ಒಂದೇ ಸಲಹೆ, ಕಳಕಳಿಯಿಂದ ಕೊಟ್ಟದ್ದೇ: "ಪುರಾನಾ ಸಿಸ್ಟಮ್ ಹೈ ಮಿಯಾಂ, ಆಠ್ ಜೀಬಿ ಬಸ್ ಹೈ." ಹಳೆಯ ಯಂತ್ರ, 8 ಜಿಬಿಯ ಕಾರ್ಡು ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮಲ್ಲಿ ಹೇಳುವುದೂ ಅದನ್ನೇ.

ಈ ಸಲಹೆ ತಪ್ಪು ಎಂದು ನಾನು ನಂಬಿದ್ದೇನೆ. ತುಸು ಹೆಚ್ಚುಕಡಿಮೆಯಾದ ತಪ್ಪಲ್ಲ, ತಲೆಕೆಳಗಾದ ತಪ್ಪು. ಕಾರ್ಡಿನಲ್ಲಿ ಮೆಮೊರಿ ಕಡಿಮೆಯಿದ್ದರೂ ಹೇಗೋ ಸಂಭಾಳಿಸುವುದು ಹೊಸ ಯಂತ್ರ. ಹಳೆಯ ಯಂತ್ರಕ್ಕೆ ಆ ತಾಕತ್ತಿಲ್ಲ. ಹಾಗಾಗಿ ಯಂತ್ರ ಹಳೆಯದಾದಷ್ಟೂ ಕಾರ್ಡಿನ ಮೆಮೊರಿ ಹೆಚ್ಚಿರಬೇಕು. ಕಷ್ಟಪಟ್ಟು ಕೂಡಿಸಿದ ಹಣದಲ್ಲಿ ಒಂದೇ ಸಲ ಕೊಳ್ಳುವ ಹುಡುಗರು ನಮ್ಮ ಕಡೆ ಬಹಳ ಇದ್ದಾರೆ, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಮದುವೆ ಮನೆಯ ಅಡುಗೆಯನ್ನು ನೆನೆಸಿಕೊಳ್ಳಿ. ಭಟ್ಟರ ಮುಂದೆ ಒಲೆ, ಕೈಗೆಟಕುವಂತೆ ಒಂದು ಕಟ್ಟೆ. ಹೆಚ್ಚಿದ ತರಕಾರಿ, ಬೇಳೆ, ಒಗ್ಗರಣೆಯ ಸಾಮಾನು ಕಟ್ಟೆಯ ಮೇಲಿದ್ದರೆ ಅಡುಗೆ ಸರಾಗ. ಕಟ್ಟೆಯಲ್ಲಿ ಹಿಡಿಸದ್ದೆಲ್ಲ ಮನೆಯ ಆ ತುದಿಯ ಉಗ್ರಾಣದಲ್ಲಿರುತ್ತದೆ, ನಡುವೆ ಒಂದು ಓಣಿ. ಹುಡುಗರು ಓಡಿ ತರಬೇಕು. ಭಟ್ಟರು ಎಷ್ಟೇ ಚುರುಕಾಗಿದ್ದರೂ ಜೀರಿಗೆ ಬರುವವರೆಗೆ ಎಣ್ಣೆ ಕಾಯುತ್ತ ಕೂರಬೇಕು. ಗ್ರಾಫಿಕ್ಸ್ ಚಿಪ್ಪು ಆ ಭಟ್ಟರು, ಕಾರ್ಡಿನ ಮೇಲಿನ ವಿ-ರ್‍ಯಾಮ್ ಆ ಕಟ್ಟೆ, ಕಂಪ್ಯೂಟರಿನ ರ್‍ಯಾಮ್ ಉಗ್ರಾಣ, ನಡುವಿನ ಪಿಸಿಐಇ ಸ್ಲಾಟು ಓಣಿ.

ಈಗ ಅಳತೆ ನೋಡೋಣ. 2025ರ ಮೇ ತಿಂಗಳಲ್ಲಿ ಬಂದ ಆರ್‌ಟಿಎಕ್ಸ್ 5060 ಕಾರ್ಡಿನ 8 ಜಿಬಿ ಮೆಮೊರಿಯಿಂದ ಚಿಪ್ಪಿಗೆ ಸೆಕೆಂಡಿಗೆ 448 ಜಿಬಿ ಮಾಹಿತಿ ಹರಿಯಬಲ್ಲದು. ಸ್ಲಾಟಿನ ದಾರಿಯಲ್ಲಿ ಅಷ್ಟು ಹರಿಯುವುದಿಲ್ಲ. ಈ ಕಾರ್ಡು ಸ್ಲಾಟಿನ 16 ಲೇನ್‌ಗಳ ಪೈಕಿ 8ನ್ನು ಮಾತ್ರ ಬಳಸುತ್ತದೆ. ಹೊಚ್ಚ ಹೊಸ 5.0 ಪೀಳಿಗೆಯ ಬೋರ್ಡಿನಲ್ಲಿ ಆ ಎಂಟೇ ಲೇನ್‌ಗಳಿಂದ ಸೆಕೆಂಡಿಗೆ ಸುಮಾರು 32 ಜಿಬಿ ಬರುತ್ತದೆ. ನಮ್ಮ ಹುಡುಗನ ಬಿ450 ಬೋರ್ಡು 3.0 ಪೀಳಿಗೆಯದು, ಅಲ್ಲಿ ಬರುವುದು ಸುಮಾರು 8. ಅದೇ ಕಾರ್ಡು, ಅದೇ ಬೆಲೆ, ಓಣಿ ಮಾತ್ರ ಕಾಲು ಭಾಗ. ಕಟ್ಟೆಯ ಮೇಲೆ ಎಲ್ಲ ಹಿಡಿಸುವವರೆಗೆ ಓಣಿಯ ಅಗಲ ಯಾರಿಗೂ ಬೇಕಿಲ್ಲ. ಆಟ 8 ಜಿಬಿ ದಾಟಿ ಒಂದು ಹೆಜ್ಜೆ ಹೊರಗಿಟ್ಟಿತೋ, ಹೊಸ ಮನೆಯ ಭಟ್ಟರು ಹೇಗೋ ನಿಭಾಯಿಸುತ್ತಾರೆ, ಹಳೆಯ ಮನೆಯವರು ಕೈಕಟ್ಟಿ ನಿಲ್ಲುತ್ತಾರೆ.

ಇದು ಬರೀ ಲೆಕ್ಕದ ಹೆದರಿಕೆಯಲ್ಲ. 2022ರ ಜನವರಿಯಲ್ಲಿ ಎಎಂಡಿ ಕಂಪನಿ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಅಗ್ಗದ ಕಾರ್ಡು ತಂದಿತು. 4 ಜಿಬಿ ಮೆಮೊರಿ, ಕೇವಲ 4 ಲೇನ್. ಹೊಸ ಬೋರ್ಡಿನಲ್ಲಿ ಅದು ಹೇಗೋ ಓಡಿತು. 3.0 ಸ್ಲಾಟಿಗೆ ಹಾಕಿ ನೋಡಿದ ಪರೀಕ್ಷಕರೆಲ್ಲ ವೇಗ ಕುಸಿದದ್ದನ್ನು ಕಂಡರು. ಅಷ್ಟು ಅಗ್ಗದ ಕಾರ್ಡನ್ನು ಕೊಳ್ಳುವವರು ಯಾರು? ಹಳೆಯ ಬೋರ್ಡಿನವರೇ. ಯಾರಿಗೆಂದು ಮಾಡಿದರೋ ಅವರ ಮನೆಯಲ್ಲೇ ಅದು ಸೋತಿತು. 2025ರ ಏಪ್ರಿಲ್‌ನಲ್ಲಿ ಎನ್ವಿಡಿಯಾ ಆರ್‌ಟಿಎಕ್ಸ್ 5060 ಟಿಐ ತಂದಾಗ ಇನ್ನೂ ಸ್ವಚ್ಛವಾದ ಪರೀಕ್ಷೆ ತಾನಾಗಿ ಒದಗಿತು. ಚಿಪ್ಪು ಒಂದೇ, ಮೆಮೊರಿ ಮಾತ್ರ ಒಂದರಲ್ಲಿ 8, ಇನ್ನೊಂದರಲ್ಲಿ 16 ಜಿಬಿ. ಎರಡನ್ನೂ ಹೊಸ, ಹಳೆಯ ಪೀಳಿಗೆಯ ಸ್ಲಾಟುಗಳಲ್ಲಿ ಓಡಿಸಿದಾಗ 16 ಜಿಬಿಯದು ಹಳೆಯದರಲ್ಲೂ ಹೆಚ್ಚೇನೂ ಕಳೆದುಕೊಳ್ಳಲಿಲ್ಲ. ಮೆಮೊರಿ ಬೇಡುವ ಆಟಗಳಲ್ಲಿ 8 ಜಿಬಿಯದು ಹಳೆಯ ಸ್ಲಾಟಿಗೆ ಬಂದೊಡನೆ ಮುಗ್ಗರಿಸಿತು.

ಆರ್‌ಟಿಎಕ್ಸ್ 3060 ಬಂದಾಗಿನ ಕಥೆಯೂ ನೆನಪಾಗುತ್ತದೆ. 2021ರ ಫೆಬ್ರುವರಿಯಲ್ಲಿ 12 ಜಿಬಿ ಮೆಮೊರಿಯೊಂದಿಗೆ ಅದು ಬಂದಾಗ, ಅದಕ್ಕಿಂತ ದುಬಾರಿಯ 3070ರಲ್ಲಿ ಇದ್ದದ್ದು 8 ಜಿಬಿ. ಇಷ್ಟು ನಿಧಾನದ ಚಿಪ್ಪಿಗೆ ಇಷ್ಟು ಮೆಮೊರಿ ದಂಡ ಎಂದವರಲ್ಲಿ ನಾನೂ ಒಬ್ಬ. ಶಕ್ತಿಯಲ್ಲಿ 3070 ಇವತ್ತಿಗೂ ಮುಂದೆಯೇ. ಆದರೆ ಮೆಮೊರಿ ತುಂಬುವ ಆಟದಲ್ಲಿ ಅದು ತಡವರಿಸುವುದನ್ನು ನೋಡಿದ ಮೇಲೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಚಿಪ್ಪು ನಿಧಾನವಾದರೆ ಆಟದ ಸೆಟ್ಟಿಂಗ್ ಒಂದೆರಡು ಮೆಟ್ಟಿಲು ಇಳಿಸಿ ಆಡಬಹುದು, ಚಿತ್ರ ಸರಾಗವಾಗಿ ಸಾಗುತ್ತದೆ. ಮೆಮೊರಿ ಸಾಲದಿದ್ದರೆ ಆಟ ನಡುನಡುವೆ ಗಕ್ಕನೆ ನಿಲ್ಲುತ್ತದೆ. ಕೆಲವು ಆಟಗಳು ನಿಲ್ಲದೆ, ಹೇಳದೆ ಕೇಳದೆ ಗೋಡೆ, ಬಟ್ಟೆ, ಮುಖಗಳನ್ನು ಮಸುಕು ಮಾಡಿಬಿಡುತ್ತವೆ. ಎಫ್‌ಪಿಎಸ್ ಅಂಕಿ, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ, ಚೆನ್ನಾಗಿಯೇ ಕಾಣುತ್ತದೆ, ಕಣ್ಣಿಗೆ ಮಾತ್ರ ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ.

ಆಟಗಳಿಗೆ ಇಷ್ಟೊಂದು ಮೆಮೊರಿ ಯಾಕೆ ಬೇಕಾಯಿತು? ದೊಡ್ಡ ಆಟಗಳ ಅಳತೆಯನ್ನು ನಿಗದಿ ಮಾಡುವುದು ಟಿವಿಗೆ ಜೋಡಿಸುವ ಕನ್ಸೋಲ್‌ಗಳು. 2013ರ ಪ್ಲೇಸ್ಟೇಷನ್ 4ರಲ್ಲಿ ಎಲ್ಲಕ್ಕೂ ಸೇರಿ 8 ಜಿಬಿ ಇತ್ತು. ಆ ಕಾಲದಲ್ಲಿ 1060ರ 6 ಜಿಬಿ ಧಾರಾಳವೇ. 2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಅದು 16 ಆಯಿತು. ಹಳೆಯ ಕನ್ಸೋಲಿಗೂ ಆಟ ಮಾಡುವುದನ್ನು ಕಂಪನಿಗಳು ಒಂದೊಂದಾಗಿ ನಿಲ್ಲಿಸಿದಂತೆ ಕಂಪ್ಯೂಟರಿನ ಆಟಗಾರರಿಗೂ ಬಿಸಿ ತಟ್ಟಿತು. 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಆಟ, 2025ರ ಮೇ ತಿಂಗಳ ಡೂಮ್: ದ ಡಾರ್ಕ್ ಏಜಸ್ ಎರಡೂ ಕನಿಷ್ಠ 8 ಜಿಬಿ ಕೇಳುತ್ತವೆ, ಜೊತೆಗೆ ಬೆಳಕಿನ ಕಿರಣಗಳನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್ ಯಂತ್ರಾಂಶ ಚಿಪ್ಪಿನಲ್ಲೇ ಇರಬೇಕೆನ್ನುತ್ತವೆ. 1060ರಲ್ಲಿ ಅದು ಇಲ್ಲ. ಹುಡುಗನ ಯಂತ್ರದಲ್ಲಿ ಡೂಮ್ ತೆರೆಯದೆ ಇದ್ದದ್ದು ಇದಕ್ಕೇ. ಇಂದಿನ ಕನಿಷ್ಠವೇ 8 ಎಂದ ಮೇಲೆ, ಇನ್ನು ಐದು ವರ್ಷ ಬಾಳಬೇಕಾದ ಕಾರ್ಡನ್ನು ಕನಿಷ್ಠದಲ್ಲೇ ಕೊಳ್ಳುವುದು ನನಗೆ ಒಪ್ಪಿಗೆಯಾಗದು.

ಆದರೆ ಒಂದು ಮಾತು ಮೊದಲೇ ಹೇಳಬೇಕಿತ್ತು: ಕಾರ್ಡು ನಿಜವಾಗಿ ಬೇಕೇ ಎಂಬುದನ್ನು ಮನೆಯಲ್ಲೇ, ದುಡ್ಡು ಖರ್ಚಿಲ್ಲದೆ ತಿಳಿಯಬಹುದು. ಆಟವನ್ನು ಎಂದಿನಂತೆ 1080ಪಿ ರೆಸಲ್ಯೂಷನ್ನಿನಲ್ಲಿ ಓಡಿಸಿ ಎಫ್‌ಪಿಎಸ್ ಬರೆದಿಟ್ಟುಕೊಳ್ಳಿ. ಆಮೇಲೆ 720ಪಿಗೆ ಇಳಿಸಿ. ಅಂಕಿ ಜಿಗಿದರೆ ತಡೆ ಕಾರ್ಡಿನದು. ಅಲ್ಲಾಡದಿದ್ದರೆ ತಡೆ ಪ್ರೊಸೆಸರಿನದು, ಎಂಥ ಕಾರ್ಡು ತಂದರೂ ಹಣ ನೀರಿನಲ್ಲಿ ಹೋಮ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಮಾತ್ರ ಆಡುವವರ ಯಂತ್ರಗಳಲ್ಲಿ ಬಹುಮಟ್ಟಿಗೆ ಎರಡನೆಯದೇ ನಿಜ. ಅವರು ಈ ಲೇಖನವನ್ನು ಇಲ್ಲಿಗೇ ಬಿಟ್ಟು, ಬೋರ್ಡಿನ ಬಯೋಸ್ ಹೊಸದು ಮಾಡಿಕೊಂಡು, ಅದೇ ಸಾಕೆಟ್ಟಿಗೆ ಕೂರುವ ರೈಜನ್ 5 5600ನಂಥ ಪ್ರೊಸೆಸರ್ ಕೊಳ್ಳಲಿ. ನಮ್ಮ ಹುಡುಗ ಎರಡು ಬಗೆಯ ಆಟವನ್ನೂ ಆಡುವವನು. ಕಥೆಯಿರುವ ದೊಡ್ಡ ಆಟಗಳಲ್ಲಿ 720ಪಿಗೆ ಇಳಿಸಿದಾಗ ಅಂಕಿ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ರ್‍ಯಾಮ್ ಕೂಡ ಒಂದೇ ಕಡ್ಡಿ, 8 ಜಿಬಿ ಇತ್ತು. ಅಂಥದೇ ಇನ್ನೊಂದು ಹಾಕಿದಾಗ ಪ್ರೊಸೆಸರಿಗೂ ಉಸಿರು ಬಂತು.

ಹಳೆಯ ಪ್ರೊಸೆಸರಿಗೆ ಒಳ್ಳೆಯ ಕಾರ್ಡು ಹಾಕಿದರೆ ಬಾಟಲ್‌ನೆಕ್ ಆಗುತ್ತದೆ ಎಂಬುದು ಹುಡುಗರ ಬಾಯಲ್ಲಿ ಸದಾ ಇರುವ ಭಯ. ಆಗುತ್ತದೆ, ಆಗಲಿ. ಯಾವ ಯಂತ್ರದಲ್ಲೂ ಯಾವುದೋ ಒಂದು ಭಾಗ ಉಳಿದವಕ್ಕಿಂತ ನಿಧಾನವಾಗಿಯೇ ಇರುತ್ತದೆ. ಕಾರ್ಡಿನ ಶಕ್ತಿಯಲ್ಲಿ ಕಾಲುಭಾಗ ಇವತ್ತು ಬಳಕೆಯಾಗದೆ ಉಳಿದರೂ ನಾಳೆ ಪ್ರೊಸೆಸರ್ ಬದಲಿಸಿದಾಗ ಅದು ಅಲ್ಲೇ ಇರುತ್ತದೆ, ಎಲ್ಲೂ ಸೋರಿಹೋಗಿರುವುದಿಲ್ಲ. ಕಡಿಮೆ ಮೆಮೊರಿಯ ಕಾರ್ಡಿಗೆ ನಾಳೆ ಮೆಮೊರಿ ಸೇರಿಸಲು ಬರುವುದಿಲ್ಲ. ಬಿ450 ಬೋರ್ಡಿಗೆ 5600 ಹಾಕಿದರೂ ಸ್ಲಾಟು 3.0 ಆಗಿಯೇ ಇರುತ್ತದೆ, ಓಣಿ ಅಗಲವಾಗದು. ಹಾಸಿಗೆ ಅಳೆಯಬೇಕಾದದ್ದು ನಿಜ. ಆದರೆ ಹಳೆಯ ಯಂತ್ರದ ಕೊನೆಯ ಭಾಗವೆಂದು ಕಾರ್ಡು ಕೊಳ್ಳುವವರ ಹಾಸಿಗೆ ಬೇರೆ, ಮುಂದಿನ ಯಂತ್ರದ ಮೊದಲ ಭಾಗವೆಂದು ಕೊಳ್ಳುವವರದು ಬೇರೆ.

ಬರೀ ಮೆಮೊರಿ ನೋಡಿ ಕೊಂಡರೂ ಎಡವುತ್ತೇವೆ. ಇಂಟೆಲ್‌ನ ಆರ್ಕ್ ಬಿ580 ಅದಕ್ಕೆ ಸಾಕ್ಷಿ. 2024ರ ಡಿಸೆಂಬರಿನಲ್ಲಿ 249 ಡಾಲರಿಗೆ 12 ಜಿಬಿ ಕೊಟ್ಟಾಗ ಎಲ್ಲರೂ ಹೊಗಳಿದರು, ಹೊಗಳಿಕೆ ಸಲ್ಲುವಂಥದ್ದೇ. ಆದರೆ ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಪ್ರೊಸೆಸರಿನಿಂದ ಬಹಳ ದುಡಿಸಿಕೊಳ್ಳುತ್ತದೆ, ಹಳೆಯ ಪ್ರೊಸೆಸರುಗಳೊಂದಿಗೆ ವೇಗ ಬೀಳುತ್ತದೆ ಎಂಬುದು 2025ರ ಜನವರಿಯಲ್ಲಿ ಹೊರಬಿತ್ತು. ಪ್ರೊಸೆಸರು ಕಾರ್ಡಿನ ಇಡೀ ಮೆಮೊರಿಯನ್ನು ಒಟ್ಟಿಗೆ ಕಾಣುವ ರೀಸೈಜಬಲ್ ಬಾರ್ ಸೌಲಭ್ಯವೂ ಅದಕ್ಕೆ ಬೇಕೇ ಬೇಕು. ರೈಜನ್ 3000 ಸರಣಿಯಿಂದ ಈಚಿನವಕ್ಕಷ್ಟೇ ಇಂಟೆಲ್ ಬೆಂಬಲ ಕೊಡುತ್ತದೆ. ನಮ್ಮದು 2600. ಅಲ್ಲಿಗೆ ಅದನ್ನು ಕೈಬಿಟ್ಟೆವು.

ಉಳಿದದ್ದು 2025ರ ಜೂನ್‌ನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, 16 ಜಿಬಿಯದು. ಇದು ಸ್ಲಾಟಿನ 16 ಲೇನ್‌ಗಳನ್ನೂ ಬಳಸುತ್ತದೆ. ಹಾಗಾಗಿ 3.0 ಬೋರ್ಡಿನಲ್ಲೂ ಸೆಕೆಂಡಿಗೆ ಸುಮಾರು 16 ಜಿಬಿಯ ಓಣಿ, ಜೊತೆಗೆ ದೊಡ್ಡ ಕಟ್ಟೆ. ಅಮೆರಿಕದಲ್ಲಿ ಘೋಷಿಸಿದ ಬೆಲೆ 349 ಡಾಲರ್, 5060ಕ್ಕೆ 299. ಡಾಲರಿಗೆ 86 ರೂಪಾಯಿ ಹಿಡಿದು, ಮೇಲೆ 18 ಪ್ರತಿಶತ ಜಿಎಸ್‌ಟಿ ಸೇರಿಸಿದರೆ ಎರಡರ ನಡುವಿನ ಅಂತರ ಐದು ಸಾವಿರ ರೂಪಾಯಿ. ಈ ಐದು ಸಾವಿರದ ಬಗ್ಗೆಯೇ ನಾನು ಇಷ್ಟು ಹೊತ್ತು ವಾದಿಸುತ್ತಿರುವುದು. ಹುಡುಗನಿಗೆ ವಿಡಿಯೋ ಎಡಿಟಿಂಗ್, ಬ್ಲೆಂಡರ್ ಕೆಲಸದ ಗೀಳಿದ್ದಿದ್ದರೆ ಎನ್ವಿಡಿಯಾದ 5060 ಟಿಐ 16 ಜಿಬಿಯನ್ನೇ ಹೇಳುತ್ತಿದ್ದೆ, ಆ ತಂತ್ರಾಂಶಗಳು ಅದರ ಕಾರ್ಡುಗಳಿಗೆ ಒಗ್ಗಿವೆ. ಲೇನ್ 8 ಇದ್ದರೂ ಕಟ್ಟೆ ತುಂಬದ ಮೇಲೆ ಓಣಿಯ ಚಿಂತೆ ಕಡಿಮೆ.

ಇಷ್ಟು ಹಣ ಇಲ್ಲದವರು ಸೆಕೆಂಡ್ ಹ್ಯಾಂಡ್ 3060 12 ಜಿಬಿ ಹುಡುಕಲಿ. ಅದಕ್ಕೂ 16 ಲೇನ್ ಇವೆ. ಆದರೆ ಕಣ್ಣು ತೆರೆದಿಟ್ಟು ಕೊಳ್ಳಬೇಕು. 2022ರ ಸೆಪ್ಟೆಂಬರ್ 15ರಂದು ಗ್ರಾಫಿಕ್ಸ್ ಕಾರ್ಡುಗಳಿಂದ ಇಥೀರಿಯಂ ಎಂಬ ಡಿಜಿಟಲ್ ಹಣ ಗಳಿಸುವ ಗಣಿಗಾರಿಕೆ ನಿಂತಾಗ ಹಗಲಿರುಳು ಕಾದ ಕಾರ್ಡುಗಳು ಪೇಟೆಗೆ ಬಂದು ಬಿದ್ದವು. ಕಾರ್ಡನ್ನು ಓಡುವ ಯಂತ್ರದಲ್ಲೇ ನೋಡಿ, ಅರ್ಧ ಗಂಟೆ ಭಾರದ ಆಟ ಓಡಿಸಿ, ಬಿಲ್ಲಿನ ಸೀರಿಯಲ್ ಸಂಖ್ಯೆಯನ್ನು ಕಾರ್ಡಿನದರೊಂದಿಗೆ ತಾಳೆ ನೋಡಿ. ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ ನಕಲಿ ಎನ್ವಿಡಿಯಾ ಕಾರ್ಡುಗಳನ್ನು ಗುರುತಿಸಿ ಹೇಳುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಆರ್‌ಎಕ್ಸ್ 580 ಎಂದು ನಂಬಿ ತಂದದ್ದನ್ನು ಅದರಲ್ಲಿ ತೆರೆದರೆ ಚಿಪ್ಪಿನ ಲೆಕ್ಕದ ಘಟಕಗಳು (ಷೇಡರ್) 2304 ಇರಬೇಕಾದ ಕಡೆ 2048 ಎಂದು ತೋರಿಸಿತು. ಚೀನಾ ಪೇಟೆಗೆಂದು ಮಾಡಿದ, ಹೆಸರಿಗಷ್ಟೇ 580 ಆದ ಕಾರ್ಡು ಅದು.

ಯಂತ್ರಕ್ಕೆಲ್ಲ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ಉಳಿತಾಯದ ಮಾತು ಬೇಡ. 1060 ಕುಡಿಯುತ್ತಿದ್ದದ್ದು 120 ವ್ಯಾಟ್, ಹೊಸದು 160. ಪ್ರೊಸೆಸರು, ಫ್ಯಾನು ಎಲ್ಲ ಸೇರಿ 300 ವ್ಯಾಟಿನ ಆಸುಪಾಸು. ಲೆಕ್ಕದಲ್ಲಿ 450 ವ್ಯಾಟಿನದು ಸಾಕು. ಆದರೆ ಯಾವ 450? ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಸಾಲನ್ನು ಓದಿ. ಅಲ್ಲಿ 18 ಆಂಪ್ ಎಂದಿದ್ದರೆ ಹನ್ನೆರಡರಿಂದ ಗುಣಿಸಿ: 216 ವ್ಯಾಟ್. ಕಾರ್ಡಿಗೂ ಪ್ರೊಸೆಸರಿಗೂ ಸಿಗುವುದು ಅಷ್ಟೇ. ಡಬ್ಬದ ಮೇಲಿನ ದೊಡ್ಡ ಅಕ್ಷರದ 450 ಕೆಲಸಕ್ಕೆ ಬಾರದು. ಮೇಲಾಗಿ ಏಳು ಬೇಸಿಗೆ ಕಂಡ ಕೆಪಾಸಿಟರುಗಳು. ಇಲ್ಲಿ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಬೀದರಿನಲ್ಲೂ ಧೂಳಿಗೆ ಬರವಿಲ್ಲ. ಎಸ್‌ಎಂಪಿಎಸ್ ಸುಟ್ಟರೆ ಒಂಟಿಯಾಗಿ ಹೋಗುತ್ತದೆಂಬ ಖಾತ್ರಿಯಿಲ್ಲ, ಹೊಸ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಹುದು. 80 ಪ್ಲಸ್ ಬ್ರಾಂಜ್ ಮುದ್ರೆಯ 550 ವ್ಯಾಟಿನದನ್ನು ಹಾಕಿಸಿದೆ. ಅದು ಮುಂದಿನ ಯಂತ್ರಕ್ಕೂ ಹೋಗುತ್ತದೆ.

ಆದರೂ ಮನಸ್ಸಿಗೆ ಕಸಿವಿಸಿಯಾಗುವ ಸಂಗತಿ ಒಂದಿದೆ. 2007ರಲ್ಲಿ ಇದೇ ಊರಿನ ಗಚ್ಚಿಬೌಲಿಯ ಐಐಐಟಿಯಲ್ಲಿ ಪವನ್ ಹರೀಶ್ ಮತ್ತು ಪಿ. ಜೆ. ನಾರಾಯಣನ್, ಆಟವಾಡುವವರು ಕೊಳ್ಳುತ್ತಿದ್ದ 600 ಡಾಲರಿನ 8800 ಜಿಟಿಎಕ್ಸ್ ಕಾರ್ಡಿನ ಮೇಲೆ, ಒಂದು ಕೋಟಿ ಬಿಂದುಗಳ ಜಾಲದಲ್ಲಿ ಒಂದು ಬಿಂದುವಿನಿಂದ ಉಳಿದವಕ್ಕೆಲ್ಲ ಅತಿ ಹತ್ತಿರದ ದಾರಿಯನ್ನು ಒಂದೂವರೆ ಸೆಕೆಂಡಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಆಟದ ಕಾರ್ಡು ಗಣಿತದ ಯಂತ್ರವೂ ಹೌದು ಎಂದು ಜಗತ್ತು ಆಗಷ್ಟೇ ಅರಿಯುತ್ತಿತ್ತು. ಆ ಅರಿವು ಬೆಳೆದು ಇಂದಿನ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಾದವು, ಮೆಮೊರಿ ಚಿಪ್ಪುಗಳು ಮೊದಲು ಅಲ್ಲಿಗೆ ಹೋಗತೊಡಗಿದವು. ನಾವು ಕಾರ್ಡು ತಂದ ಮೇಲೆ, 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಏರುತ್ತ ಹೋಯಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ಸಾಮಾನ್ಯ ಗ್ರಾಹಕರಿಗೆ ರ್‍ಯಾಮ್ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯವಹಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಎನ್ವಿಡಿಯಾ, ಎಎಂಡಿ ಎರಡರ ಎಂಜಿನಿಯರುಗಳೂ ಹೈದರಾಬಾದಿನಲ್ಲಿ ಕೂತು ದುಡಿಯುತ್ತಾರೆ. ಆದರೆ ಸಿಟಿಸಿಯ ಗಲ್ಲೆಯ ಮುಂದೆ ನಿಂತ ಹುಡುಗ ಈಗ ಆ ಕಂಪನಿಗಳ ಅತಿ ಸಣ್ಣ ಗಿರಾಕಿ. ಹೆಚ್ಚು ಮೆಮೊರಿಯ ಕಾರ್ಡಿಗೇ ಮೊದಲ ಪೆಟ್ಟು ಬೀಳುವುದರಿಂದ ನಾನು ಹೇಳಿದ ಐದು ಸಾವಿರದ ಅಂತರ ಹಿಗ್ಗಿದರೆ ಆಶ್ಚರ್ಯವಿಲ್ಲ. ಹಿಗ್ಗಿದರೆ ಏನು ಮಾಡಬೇಕು? ಹೊಸ 8 ಜಿಬಿಗಿಂತ ಹಳೆಯ 12 ಜಿಬಿ ಮೇಲು ಎನ್ನುತ್ತೇನೆ, ಮೇಲೆ ಹೇಳಿದಂತೆ ಪರೀಕ್ಷಿಸಿ ತಂದದ್ದಾದರೆ.

ಐದು ಸಾವಿರವನ್ನೂ ಎಸ್‌ಎಂಪಿಎಸ್‌ನ ಹಣವನ್ನೂ ನಾನು ಹಾಕಿದೆ. ಕ್ಯಾಬಿನೆಟ್ ಬಿಚ್ಚಿ, ಬಾಲ್ಕನಿಯಲ್ಲಿ ಬ್ಲೋವರ್ ಹಿಡಿದು ಧೂಳು ಹಾರಿಸಿ, ಕಾರ್ಡು ಕೂರಿಸುವಷ್ಟರಲ್ಲಿ ರಾತ್ರಿ ಹತ್ತಾಗಿತ್ತು. ಅದೇ 24 ಅಂಗುಲದ ಹಳೆಯ ಮಾನಿಟರಿನಲ್ಲಿ ಡೂಮ್ ತೆರೆದುಕೊಂಡಿತು. ಕಟ್ಟೆಯ ಮೇಲೆ ಇನ್ನೂ ಜಾಗ ಉಳಿದಿತ್ತು. ಪ್ರೊಸೆಸರ್ ಅಲ್ಲಲ್ಲಿ ಏದುಸಿರು ಬಿಟ್ಟದ್ದೂ ಕಂಡಿತು. ಮೊದಲ ಸಂಬಳ ಬಂದಾಗ 5600 ಕೊಳ್ಳುತ್ತಾನಂತೆ. ಬಯೋಸ್ ಅನ್ನು ನಾನು ಅವತ್ತೇ ಹೊಸದು ಮಾಡಿಟ್ಟೆ.

ಹಳೆಯ 1060 ನನ್ನ ಹತ್ತಿರವೇ ಉಳಿಯಿತು. ಅದೇ ತಿಂಗಳು, 2025ರ ಅಕ್ಟೋಬರಿನಲ್ಲಿ, ಆ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್ವಿಡಿಯಾ ನಿಲ್ಲಿಸಿತು. ಸುರಕ್ಷತೆಯ ತಿದ್ದುಪಡಿಗಳು 2028ರ ಅಕ್ಟೋಬರಿನವರೆಗೆ ಬರುತ್ತವೆ. ಪಕ್ಕದ ಮನೆಯ ಮಕ್ಕಳ ಕಂಪ್ಯೂಟರಿನಲ್ಲಿ ಕಾರ್ಡೇ ಇರಲಿಲ್ಲ. ಥರ್ಮಲ್ ಪೇಸ್ಟ್ ಬದಲಿಸಿ ಅಲ್ಲಿಗೆ ಹಾಕಿಕೊಟ್ಟಿದ್ದೇನೆ, ಅವರು ಜಿಟಿಎ 5 ಆಡುತ್ತಿದ್ದಾರೆ.